ಹಿಂದಿನ ಕೋಣೆಯ ಕೆಂಪು ಬಿಲ್ಲೆ

ಪಾಲಾಕ್ಷನ ಬಿರುಗಾಳಿ ದಿನಾ ಸಂಜೆ ಐದೂಮುಕ್ಕಾಲಿಗೆ ಸರಿಯಾಗಿ ಏಳುತ್ತಿತ್ತು. ಬಿರುಗಾಳಿಗೂ ಟೈಮ್‌ಟೇಬಲ್ಲೇ ಎಂದು ನೀವು ನಗಬಹುದು. ನಲವತ್ತಾರು ವರ್ಷದ ಗಂಡಸು, ಹನ್ನೊಂದು ವರ್ಷದ ಹುಡುಗಿಯ ತಂದೆ, ಸೌರವಿದ್ಯುತ್ ನಿಯಂತ್ರಣ ಕೊಠಡಿಯ ಸೀನಿಯರ್ ಆಪರೇಟರ್, ಸಂಜೆಯಾದರೆ ಮನೆಯ ಹಿಂದಿನ ಕೋಣೆ ಸೇರಿ, ಬಾಗಿಲು ಹಾಕಿಕೊಂಡು, ಗೋಡೆಗೆ ಒರಗಿಸಿದ ಹಾಸಿಗೆಗೆ ತಲೆ ಚಚ್ಚಿಕೊಂಡು ಗೋಳಿಡುತ್ತಾನೆ ಅಂದರೆ ನಗು ಬರುವುದು ಸಹಜವೇ. ಪಾಲಾಕ್ಷ ಒಮ್ಮೊಮ್ಮೆ ಕನ್ನಡಿಯ ಮುಂದೆ ನಿಂತು ಆ ನಗುವನ್ನು ತಾನೇ ಅಭ್ಯಾಸ ಮಾಡಿದ್ದುಂಟು. ಬೇರೆಯವರು ನಗುವ ಮೊದಲೇ ತಾನು ನಕ್ಕುಬಿಟ್ಟರೆ ನಾಚಿಕೆ ಸ್ವಲ್ಪ ಇಳಿದೀತೇನೋ ಎಂಬ ಆಸೆ. ಇಳಿಯುತ್ತಿರಲಿಲ್ಲ.

ತನಗಿರುವುದು ಆಟಿಸಂ ಎಂದು ಅವನಿಗೆ ಗೊತ್ತಾದಾಗ ಮೂವತ್ತೊಂಬತ್ತು ತುಂಬಿತ್ತು. ಅಲ್ಲಿಯವರೆಗೆ ಊರಿನವರ ಬಾಯಲ್ಲಿ ಅವನು ಮುಂಗೋಪಿ, ಅಳುಬುರುಕ, ಮೀಸೆ ಬಂದ ಮಗು. ಸದ್ದು, ಬೆಳಕು, ವಾಸನೆ, ಜನ, ಕೊನೇ ಗಳಿಗೆಯಲ್ಲಿ ಬದಲಾದ ಏರ್ಪಾಡು ಎಲ್ಲವೂ ಒಂದರ ಮೇಲೊಂದು ತಲೆಯೊಳಗೆ ಬಂದು ಬಿದ್ದು, ಇನ್ನು ಹಿಡಿಸಲಾರದು ಅನ್ನುವ ಹೊತ್ತಿಗೆ ಮೈ ಅವನ ಮಾತು ಕೇಳುವುದನ್ನು ಬಿಡುತ್ತಿತ್ತು. ಡಾಕ್ಟರುಗಳು ಅದನ್ನು ಮೆಲ್ಟ್‌ಡೌನ್ ಅನ್ನುತ್ತಾರೆ. ಕರೆಂಟಿನ ಕೆಲಸದ ಪಾಲಾಕ್ಷ, ಹೊರೆ ಹೆಚ್ಚಿ ಲೈನು ತಾನೇ ಆರಿಹೋಗುವ ಹಾಗೆ, ಟ್ರಿಪ್ ಅನ್ನುತ್ತಿದ್ದ. ಅವನು ಯಾರ ಮೇಲೂ ಕೈ ಮಾಡಿದವನಲ್ಲ, ಬೈದವನೂ ಅಲ್ಲ. ತನ್ನ ಮುಂದೋಳನ್ನೇ ಕಚ್ಚಿಕೊಳ್ಳುತ್ತಿದ್ದ, ಅರಚುತ್ತಿದ್ದ, ಮುದುರಿ ಬೀಳುತ್ತಿದ್ದ. ಮಗು ಹೀಗೆ ಮಾಡಿದರೆ ಜನ ಅಯ್ಯೋ ಅನ್ನುತ್ತಾರೆ, ನಲವತ್ತು ದಾಟಿದ ಗಂಡಸು ಮಾಡಿದರೆ ಎರಡು ಹೆಜ್ಜೆ ಹಿಂದೆ ಸರಿಯುತ್ತಾರೆ.

ಈ ಟ್ರಿಪ್ಪಿಗೆ ಟೈಮು ಗೊತ್ತುಮಾಡಿದ್ದು ತಡೆಪಟ್ಟಿ. ಕಿವಿಯ ಹಿಂದೆ ಅಂಟಿಸಿಕೊಳ್ಳುವ, ಬಾಳೆಹಣ್ಣಿನ ಸಿಪ್ಪೆಯ ತುಂಡಿನಷ್ಟು ಮೆತ್ತಗಿನ ಒಂದು ಪಟ್ಟಿ. ಬೆವರು, ನಾಡಿ, ಕಣ್ಣುಗುಡ್ಡೆಯ ನಡುಕ ನೋಡಿಕೊಂಡು ಟ್ರಿಪ್ ಬರುವುದನ್ನು ಇಪ್ಪತ್ತು ನಿಮಿಷ ಮೊದಲೇ ಹಿಡಿಯುತ್ತಿತ್ತು. ಕತ್ತಿನಲ್ಲಿ ಇಳಿಯುವ ನರಕ್ಕೆ ಸಣ್ಣ ಸಣ್ಣ ಮಿಡಿತ ಕೊಟ್ಟು ಅದನ್ನು ಅಲ್ಲೇ ನಿಲ್ಲಿಸುತ್ತಿತ್ತು. ಎರಡು ಸಾವಿರದ ನಲವತ್ತರ ದಶಕದಲ್ಲಿ ಇಂಥ ಪಟ್ಟಿ ಕಟ್ಟಿಕೊಂಡವರು ಬ್ಯಾಂಕಿನಲ್ಲಿ, ಶಾಲೆಯಲ್ಲಿ, ಬಸ್ಸಿನ ಸ್ಟೇರಿಂಗಿನ ಹಿಂದೆ ಎಲ್ಲೆಲ್ಲೂ ಇದ್ದರು. ಕೂದಲು ಸ್ವಲ್ಪ ಉದ್ದ ಬಿಟ್ಟರೆ ಯಾರಿಗೂ ಕಾಣುತ್ತಿರಲಿಲ್ಲ.

ಪಾಲಾಕ್ಷ ಅದನ್ನು ಕಟ್ಟಿಕೊಂಡದ್ದಕ್ಕೆ ಕಾರಣ ಎರಡು ವರ್ಷದ ಹಿಂದಿನ ಒಂದು ಬೆಳಗ್ಗೆ. ಚಳ್ಳಕೆರೆಯಿಂದ ಹದಿನೆಂಟು ಕಿಲೋಮೀಟರ್ ಆಚೆ, ಬಯಲಿನ ತುದಿಯವರೆಗೂ ಹಾಸಿದ ಸೌರಫಲಕಗಳ ನಡುವೆ ಅವನ ನಿಯಂತ್ರಣ ಕೊಠಡಿ. ಆವತ್ತು ರಾಜಧಾನಿಯಿಂದ ದೊಡ್ಡ ಅಧಿಕಾರಿಗಳು ಬರುವವರಿದ್ದರು. ಹಳೇ ಕುರ್ಚಿ ತೆಗೆದು ಹೊಸದು ಹಾಕಿದ್ದರು. ಮಲ್ಲಿಗೆ ವಾಸನೆಯ ಸ್ಪ್ರೇ ಹೊಡೆದಿದ್ದರು. ಅತಿಥಿಗಳಿಗೆ ತೋರಿಸಲೆಂದು ಮೂರು ಅಲಾರಮ್ಮುಗಳನ್ನು ಒಟ್ಟಿಗೆ ಕೂಗಿಸಿದರು. ಪಾಲಾಕ್ಷ ಮೇಜಿನಡಿ ನುಗ್ಗಿ ಹನ್ನೊಂದು ನಿಮಿಷ ಅರಚಿದ. ಹೊರಬಂದಾಗ ಯಾರೋ ಒಂದು ಲೋಟ ನೀರಿಟ್ಟಿದ್ದರು. ಎಲ್ಲರೂ ತಂತಮ್ಮ ಪರದೆಯನ್ನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡವರ ಹಾಗೆ ನೋಡುತ್ತ ಕೂತಿದ್ದರು.

ಬೈದಿದ್ದರೆ ಅವನು ತಡೆದುಕೊಳ್ಳುತ್ತಿದ್ದ. ಮಾರನೇ ದಿನದಿಂದ ಶುರುವಾದದ್ದು ಮರುಕ. ಶಿಫ್ಟ್ ಇನ್‌ಚಾರ್ಜ್ ರುದ್ರಮುನಿ ಇಪ್ಪತ್ತು ವರ್ಷದಿಂದ ಅವನನ್ನು “ಲೋ ಪಾಲಾಕ್ಷ” ಎಂದು ಕೂಗುತ್ತಿದ್ದವರು, ಈಗ ಪಕ್ಕಕ್ಕೆ ಬಂದು ನಿಂತು, ಕಿವುಡರಿಗೆ ಹೇಳುವ ಹಾಗೆ ಬಿಡಿಸಿ ಬಿಡಿಸಿ “ಊಟ ಆಯ್ತೇನಪ್ಪಾ?” ಎಂದು ಕೇಳತೊಡಗಿದರು. ಒಂದೇ ದಿನ ಐದು ಸಲ ಕೇಳಿದರು. ನೆಲ ಬಿರಿದು ತನ್ನನ್ನು ನುಂಗಬಾರದೇ ಅನ್ನಿಸಿತು ಪಾಲಾಕ್ಷನಿಗೆ. ಆ ವಾರವೇ ರಜೆ ಹಾಕಿ ಚಿತ್ರದುರ್ಗದ ಪ್ರಯೋಗಾಲಯಕ್ಕೆ ಹೋದ.

ಅಲ್ಲಿ ಡಾಕ್ಟರ್ ನಸೀಮಾ ಅವನ ಕಿವಿಯ ಹಿಂದೆ ಪಟ್ಟಿ ಅಂಟಿಸಿ, ಪರದೆಯ ಮೇಲೆ ಗೆರೆ ಏರಿಳಿಯುವುದನ್ನು ತೋರಿಸಿದರು.

“ಒಂದು ಮಾತು ಸರಿಯಾಗಿ ಕೇಳಿಸ್ಕೊಳಿ. ಇದು ಆರಿಸೋದಿಲ್ಲ, ಮುಂದಕ್ಕೆ ಹಾಕುತ್ತೆ ಅಷ್ಟೆ. ಒಂಬತ್ತು ಗಂಟೆ ತಡೀಬಹುದು. ಆಮೇಲೆ ಎಲ್ಲಾದರೂ ಇಳಿಸಲೇಬೇಕು. ತಡೆದಷ್ಟೂ ಅದು ಒಳಗೇ ಬೆಳೆಯುತ್ತೆ. ಇಳಿಸುವಾಗ ಸದ್ದುಗದ್ದಲ ಆದ್ರೆ ಮತ್ತೆ ಮೊದಲಿಂದ ಶುರುವಾಗುತ್ತೆ. ಎಲ್ಲಿ ಇಳಿಸ್ತೀರಿ?”

“ಮನೇಲಿ.” ಯೋಚನೆಯನ್ನೇ ಮಾಡದೆ ಹೇಳಿದ್ದ.

“ಮನೇಲಿ ಯಾರ್ಯಾರಿದಾರೆ?”

“ಹೆಂಡತಿ, ಮಗಳು.”

“ಅವರನ್ನ ಕೇಳಿದ್ರಾ?”

“ಕೇಳ್ತೀನಿ ಮೇಡಂ.”

ಕೇಳಲಿಲ್ಲ. ತಿಳಿಸಿದ. ಎರಡಕ್ಕೂ ಎಷ್ಟು ವ್ಯತ್ಯಾಸ ಅನ್ನುವುದು ಆಗ ಅವನ ತಲೆಗೆ ಹೋಗಲಿಲ್ಲ.

ಮನೆಯ ಏರ್ಪಾಡನ್ನಂತೂ ಅವನು ಬಹಳ ಮುತುವರ್ಜಿಯಿಂದ ಮಾಡಿದ. ಕಂಬ ಹತ್ತುವ ಲೈನ್‌ಮನ್ ಮೊದಲು ಲೈನ್ ಕ್ಲಿಯರ್ ತೆಗೆದುಕೊಳ್ಳುತ್ತಾನೆ, ಕರೆಂಟಿನವರ ಬಾಯಲ್ಲಿ ಅದು ಎಲ್‌ಸಿ. ಆ ಲೈನಿನ ಕರೆಂಟು ತೆಗೆದು ಸ್ವಿಚ್ಚಿಗೆ ಕೆಂಪು ಬಿಲ್ಲೆಯೊಂದನ್ನು ನೇತುಹಾಕುತ್ತಾರೆ. ಎಲ್‌ಸಿ ತೆಗೆದುಕೊಂಡವನೇ ಬಂದು ವಾಪಸು ಕೊಡುವವರೆಗೆ ಆ ಬಿಲ್ಲೆಯನ್ನು ಯಾರೂ ಮುಟ್ಟುವಂತಿಲ್ಲ. ಊರೆಲ್ಲ ಕತ್ತಲಾಗಲಿ, ಮಂತ್ರಿಯೇ ಫೋನ್ ಮಾಡಲಿ, ಮುಟ್ಟುವಂತಿಲ್ಲ. ಮುಟ್ಟಿದರೆ ಮೇಲಿರುವ ಮನುಷ್ಯ ಸುಟ್ಟುಹೋಗುತ್ತಾನೆ. ಪಾಲಾಕ್ಷನ ಪಾಲಿಗೆ ಪ್ರಪಂಚದಲ್ಲಿ ಇಷ್ಟು ಚೊಕ್ಕವಾದ ನಿಯಮ ಇನ್ನೊಂದಿರಲಿಲ್ಲ. ಆಫೀಸಿನ ಹಳೇ ಬಿಲ್ಲೆಯೊಂದನ್ನು ತಂದು, ಅದನ್ನು ನೇತುಹಾಕಲು ಹಿಂದಿನ ಕೋಣೆಯ ಬಾಗಿಲಿಗೆ ಮೊಳೆ ಹೊಡೆದ. “ಐದೂಮುಕ್ಕಾಲಿಂದ ಅರ್ಧ ಗಂಟೆ ನನ್ನ ಎಲ್‌ಸಿ. ಬಿಲ್ಲೆ ಇರೋವರೆಗೂ ಯಾರೂ ಬಾಗಿಲು ತಟ್ಟಬಾರ್ದು, ಸದ್ದು ಮಾಡಬಾರ್ದು. ನಾನೇ ಬಂದು ತೆಗೀತೀನಿ” ಎಂದು ಹೆಂಡತಿ ಮಂಗಳಾಗೂ ಮಗಳು ಇಂಚರಾಗೂ ತಿಳಿಸಿದ.

ಮನೆ ಒಗ್ಗಿಕೊಂಡಿತು. ಆ ಹೊತ್ತಿನಲ್ಲಿ ಕುಕ್ಕರ್ ಕೂಗುತ್ತಿರಲಿಲ್ಲ, ಮಿಕ್ಸಿ ತಿರುಗುತ್ತಿರಲಿಲ್ಲ. ರವಿಕೆ ಹೊಲಿಯುತ್ತಿದ್ದ ಮಂಗಳಾ ಐದೂ ನಲವತ್ತಕ್ಕೆ ಯಂತ್ರ ನಿಲ್ಲಿಸಿ ಕೈಯಲ್ಲಿ ಕಾಜಾ ಹಾಕಲು ಕೂರುತ್ತಿದ್ದಳು. ಒಂದು ಸಲ ಅವಳ ಕೈಯಿಂದ ಸೌಟು ಬಿದ್ದು, ಒಳಗಿದ್ದವನ ಅರ್ಧ ಗಂಟೆ ಒಂದೂವರೆ ಗಂಟೆಯಾಗಿತ್ತು. ಅಂದಿನಿಂದ ಒಲೆಗೆ ಬೇಕಾದ ಒಂದೆರಡು ಬಿಟ್ಟು ಸ್ಟೀಲಿನ ಪಾತ್ರೆಗಳೆಲ್ಲ ಮೇಲಿನ ಅಟ್ಟಕ್ಕೆ ಹೋದವು. ಇಂಚರಾಗೆ ಕೆಮ್ಮು ಬಂದರೆ ಬಾಯಿಗೆ ಕೈ ಅಡ್ಡ ಹಿಡಿದು ಅಂಗಳಕ್ಕೆ ಓಡುತ್ತಿದ್ದಳು. ಕಿಟಕಿಯಿಂದ ಒಮ್ಮೆ ಅದನ್ನು ಕಂಡು ಪಾಲಾಕ್ಷ ಹೆಮ್ಮೆಪಟ್ಟಿದ್ದ. ಹೊಸದಾಗಿ ಸೇರುವ ಎಂಜಿನಿಯರುಗಳಿಗಿಂತ ತನ್ನ ಮಗಳಿಗೆ ನಿಯಮ ಚೆನ್ನಾಗಿ ಗೊತ್ತು ಎಂದು ರುದ್ರಮುನಿಯವರ ಹತ್ತಿರ ಹೇಳಿಕೊಳ್ಳಬೇಕೆನ್ನಿಸಿತ್ತು. ಯಾವ ನಿಯಮ ಎಂದು ಅವರು ಕೇಳಿದರೆ ಏನು ಹೇಳುವುದು ಎಂದು ಸುಮ್ಮನಾಗಿದ್ದ.

ಆಫೀಸಿನಲ್ಲಿ ಅವನ ಹೆಸರು ಮೇಲೇರಿತು. ಪಾಲಾಕ್ಷನಿಗೆ ವಾಸಿಯಾಯಿತಂತೆ ಎಂಬ ಮಾತು ಕ್ಯಾಂಟೀನಿನವರೆಗೂ ಹೋಯಿತು. ರುದ್ರಮುನಿ ಮತ್ತೆ “ಲೋ” ಅನ್ನತೊಡಗಿದರು. ಆ ಒಂದು ಅಕ್ಷರಕ್ಕಾಗಿ ಅವನು ಏನು ಬೇಕಾದರೂ ಕೊಡುತ್ತಿದ್ದ. ಕೊಡುತ್ತಲೂ ಇದ್ದ, ತನ್ನ ಕೈಯಿಂದಲ್ಲ ಅನ್ನುವುದಷ್ಟೇ.

ಹೀಗಿರುವಾಗ ಏಪ್ರಿಲ್ ಕೊನೆಯ ಒಂದು ಗುರುವಾರ ಧೂಳುಗಾಳಿ ಬಂತು. ಮಧ್ಯಾಹ್ನ ಎರಡೂ ಹತ್ತಕ್ಕೆ ಪಶ್ಚಿಮದಲ್ಲಿ ಒಂದು ಕಂದು ಗೋಡೆ ಎದ್ದು, ಒಂಬತ್ತು ನಿಮಿಷದೊಳಗೆ ಬಯಲಿನ ಫಲಕಗಳನ್ನೆಲ್ಲ ಮುಚ್ಚಿಹಾಕಿತು. ಏಳುನೂರೈವತ್ತು ಮೆಗಾವಾಟ್ ಕಣ್ಣೆದುರಿಗೇ ಕರಗಿಹೋಯಿತು. ಕೊಠಡಿಯ ಅಲಾರಮ್ಮುಗಳೆಲ್ಲ ಒಟ್ಟಿಗೆ ಬಾಯಿಬಿಟ್ಟವು, ನಾಲ್ಕು ಫೋನು ಒಟ್ಟಿಗೆ ಹೊಡೆದುಕೊಂಡವು. ಕಿವಿಯ ಹಿಂದೆ ಪಟ್ಟಿ ಮಿಡಿಯುತ್ತಿತ್ತು. ಪಾಲಾಕ್ಷ ಮಾತ್ರ ಒಂದೇ ದನಿಯಲ್ಲಿ ಬ್ಯಾಟರಿ ಶೆಡ್ಡುಗಳನ್ನು ಒಂದೊಂದಾಗಿ ಕರೆದು, ಎಷ್ಟು ಕರೆಂಟು ಬಿಡಬೇಕೆಂದು ಹೇಳಿ, ಅವರಿಂದ ಅದನ್ನೇ ತಿರುಗಿ ಹೇಳಿಸಿಕೊಂಡು, ಸಮಯ ಬರೆದ. ನಾಲ್ಕು ಜಿಲ್ಲೆಯಲ್ಲಿ ಒಂದು ಫ್ಯಾನೂ ನಿಲ್ಲಲಿಲ್ಲ. ಗಾಳಿ ಇಳಿದ ಮೇಲೆ ಎಲ್ಲರೂ ಎದ್ದು ಚಪ್ಪಾಳೆ ತಟ್ಟಿದರು. ಆ ಚಪ್ಪಾಳೆ ಅವನ ಕಿವಿಗೆ ಹಂಚಿನ ಮೇಲೆ ಕಲ್ಲು ಸುರಿದ ಹಾಗೆ ಕೇಳಿಸಿತು. ಅದನ್ನೂ ಪಟ್ಟಿ ಹಿಡಿದಿಟ್ಟುಕೊಂಡಿತು.

ವರದಿ ಬರೆಯಲು ಹೊತ್ತಾಯಿತು. ಬೆಳಗ್ಗೆ ಎಂಟೂಮುಕ್ಕಾಲಿಗೆ ಕಟ್ಟಿದ ಪಟ್ಟಿ. ಮನೆ ಮುಟ್ಟುವ ಹೊತ್ತಿಗೆ ಅದರ ಒಂಬತ್ತು ಗಂಟೆಯ ಗಡುವು ದಾಟಿ ಅಂಚು ಕೆಂಪಾಗಿತ್ತು. ಚಪ್ಪಲಿ ಕೂಡ ಬಿಡದೆ ಹಿಂದಿನ ಕೋಣೆಗೆ ನಡೆದು, ಬಿಲ್ಲೆ ತಗಲಿಸಿ, ಬಾಗಿಲು ಹಾಕಿಕೊಂಡು ಪಟ್ಟಿ ಕಿತ್ತ.

ಒಳಗೆ ಏನಾಯಿತೆಂದು ಬಣ್ಣಿಸುವುದರಲ್ಲಿ ಅರ್ಥವಿಲ್ಲ. ದಿನದ ಧೂಳು, ಅಲಾರಮ್ಮು, ಚಪ್ಪಾಳೆ ಎಲ್ಲ ಬಡ್ಡಿ ಸಮೇತ ಬಂದವು. ಅವನು ಮತ್ತೆ ಮನುಷ್ಯನಾಗಿ ಎದ್ದು ಕೂತಾಗ ಏಳೂ ಹತ್ತು. ಅಂಗಿಯ ತೋಳು ಹರಿದಿತ್ತು. ಬಾಗಿಲು ತೆರೆದು, ನಿಯಮದ ಪ್ರಕಾರ ಬಿಲ್ಲೆಯನ್ನು ತಾನೇ ತೆಗೆದ.

ಮನೆಯಲ್ಲಿ ದೀಪವಿತ್ತು, ಜನವಿರಲಿಲ್ಲ. ಅಡುಗೆಮನೆಯ ನೆಲದ ಮೇಲೆ ಹಾಲು ಚೆಲ್ಲಿ ಕೆನೆಗಟ್ಟಿತ್ತು. ಅದರ ಪಕ್ಕ ಯಾರೋ ಟವೆಲ್ಲೊಂದನ್ನು ನಾಲ್ಕು ಮಡಿಕೆ ಮಾಡಿ, ಪಾತ್ರೆಯ ಮುಚ್ಚಳವನ್ನು ಅದರ ಮೇಲೆ ಜೋಪಾನವಾಗಿ ಇಟ್ಟಿದ್ದರು. ಪಾಲಾಕ್ಷನಿಗೆ ಏನೂ ಅರ್ಥವಾಗಲಿಲ್ಲ. ಅಂಗಳಕ್ಕೆ ಬಂದಾಗ ಪಕ್ಕದ ಮನೆಯ ಗಂಗಮ್ಮ ಕಾಂಪೌಂಡಿನ ಆಚೆ ಕಾದು ನಿಂತಿದ್ದರು.

“ಹುಡುಗಿ ಕೈ ಸುಟ್ಕಂಡೈತೆ ಕಣಪ್ಪಾ. ಬಿಸಿ ಹಾಲು. ನನ್ನ ಮಗನ ಗಾಡೀಲಿ ತಾಲ್ಲೂಕು ಆಸ್ಪತ್ರೆಗೆ ಹೋಗ್ಯವ್ರೆ.”

“ಯಾವಾಗ?”

“ಆಗ್ಲೇ ಆರೂವರೆಗೆ.”

“ನನ್ನ ಯಾಕೆ ಕರೀಲಿಲ್ಲ?”

ಗಂಗಮ್ಮ ಅವನ ಮುಖ ನೋಡಲಿಲ್ಲ, ಹರಿದ ತೋಳನ್ನು ನೋಡಿದರು. “ನಾನೂ ಅದ್ನೇ ಕೇಳ್ದೆ. ಬಾಗ್ಲಿಗೆ ಅದೇನೋ ಬಿಲ್ಲೆ ತಗಲಾಕೈತೆ, ನಾವು ಮುಟ್ಟಂಗಿಲ್ಲ ಅಂತು ನಿನ್ನ ಮಗ್ಳು.”

ಆಸ್ಪತ್ರೆಯ ಬೆಂಚಿನ ಮೇಲೆ ಇಂಚರಾ ಕಾಲು ಇಳಿಬಿಟ್ಟು ಕೂತಿದ್ದಳು. ಎಡಗೈಗೆ ಮಣಿಕಟ್ಟಿನಿಂದ ಮೊಣಕೈವರೆಗೂ ಬಿಳೀ ಬಟ್ಟೆ ಸುತ್ತಿದ್ದರು. ಅವನನ್ನು ಕಂಡದ್ದೇ ಅವಳ ಮುಖ ಅರಳಿತು. ಪರೀಕ್ಷೆಯಲ್ಲಿ ನೂರಕ್ಕೆ ನೂರು ಬಂದಾಗ ಅರಳುವ ಹಾಗೇ ಅರಳಿತು.

“ಅಪ್ಪಾಜಿ, ನಾನು ಕಿರುಚಲಿಲ್ಲ!” ಎಂದಳು. “ಒಂದ್ಸಲಾನೂ ಇಲ್ಲ. ಹಾಲು ಉಕ್ಕಿ ಒಲೆ ಮೇಲೆ ಬಿದ್ರೆ ಚುಂಯ್ ಅಂತೈತಲ್ಲ, ಅದಕ್ಕೇ ಇಳಿಸಕ್ಕೋದೆ. ಮುಚ್ಚಳ ಜಾರ್ತು. ಅದು ಕೆಳಗೆ ಬಿದ್ರೆ ನಿಮಗೆ ಮತ್ತೆ ಮೊದಲಿಂದ ಶುರುವಾಗ್ತೈತೆ ಅಂತ ಈ ಕೈಯಲ್ಲಿ ಅಡ್ಡ ಹಿಡ್ಕೊಂಡೆ. ಪಾತ್ರೆ ವಾಲಿಬಿಡ್ತು. ಮುಚ್ಚಳ ಬಿಡ್ಲಿಲ್ಲ ಆದ್ರೂ. ಎಲ್‌ಸಿ ಕೆಡಲಿಲ್ಲ ತಾನೆ?”

ಪಾಲಾಕ್ಷ ಬಾಯಿ ತೆರೆದ. ಹೇಳಬೇಕಾದ ಹೊತ್ತಿಗೆ ಮಾತು ಅವನಿಗೆ ಯಾವತ್ತೂ ಕೈಕೊಡುತ್ತಿತ್ತು, ಆವತ್ತೂ ಕೈಕೊಟ್ಟಿತು. “ಎಡಗೈನಾ?” ಎಂದ. ಕಣ್ಣೆದುರಿಗೇ ಇದ್ದ ಕೈ. “ಹೂಂ, ಎಡಗೈ” ಎಂದಳು ಮಗಳು ತಾಳ್ಮೆಯಿಂದ. ಆಚೆಯಿಂದ ಬಂದ ನರ್ಸು, “ಇಷ್ಟು ಸುಟ್ಟಿದ್ರೂ ಒಂದು ಹನಿ ಕಣ್ಣೀರು ಹಾಕಿಲ್ಲ ನೋಡ್ರಿ, ಏನು ಗಟ್ಟಿ ಹುಡುಗಿ!” ಎಂದು ಮೆಚ್ಚಿಕೊಂಡು ಅವಳ ಕೆನ್ನೆ ತಟ್ಟಿ ಹೋದಳು.

ಮಂಗಳಾ ಎದ್ದು ಹೊರಗಿನ ಪಡಸಾಲೆಗೆ ನಡೆದಳು. ಪಾಲಾಕ್ಷ ಹಿಂದೆ ಹೋದ. ಅವಳು ಗೋಡೆಯ ಕಡೆ ತಿರುಗಿ ಮಾತಾಡಿದಳು.

“ಗಟ್ಟಿ ಹುಡುಗಿಯಂತೆ. ಒಣಗಿದ ಬಟ್ಟೆ ತಗಂಡು ಮಹಡಿಯಿಂದ ಇಳಿದು ಬರ್ತೀನಿ, ಒಲೆ ಮುಂದೆ ನಿಂತವಳೆ. ಅಂಗಿ ಕಾಲರ್ ಪೂರ್ತಿ ಬಾಯಿಗೆ ತುರುಕ್ಕೊಂಡವಳೆ. ತೋಳು ಕೆಂಪಗೆ ಬೆಂದು ಹೋಗೈತೆ. ನನ್ನ ನೋಡಿ ತುಟಿ ಮೇಲೆ ಬೆರಳಿಟ್ಟು ಶ್ ಅಂದ್ಲು ಕಣ್ರೀ. ನನ್ನ ಮಗಳು ನನಗೆ ಶ್ ಅಂದ್ಲು.”

ಅವಳ ದನಿ ಒಡೆಯಿತು. ಆಗಲೂ ಅವಳು ಮೆಲ್ಲಗೇ ಮಾತಾಡುತ್ತಿದ್ದಳು. ಎರಡು ವರ್ಷದ ಅಭ್ಯಾಸ ಅಷ್ಟು ಬೇಗ ಹೋಗುತ್ತದೆಯೇ?

“ನಾನೇನು ಮಾಡ್ದೆ ಗೊತ್ತಾ? ಸುಮ್ಮನಾದೆ. ಹೆತ್ತ ತಾಯಿ ನಾನು. ನಿಮ್ಮ ಬಾಗಿಲು ಒಡೆದು ಕರೀಬೇಕಿತ್ತು. ಬಾಯಿ ಮುಚ್ಕೊಂಡು ಹಿತ್ತಲ ಬಾಗಿಲಿಂದ ಕಳ್ಳರ ಥರ ಕರ್ಕೊಂಡು ಬಂದೆ. ಮುಚ್ಚಳ ತೆಗೆದು ಟವೆಲ್ ಮೇಲೆ ಇಟ್ಟು ಬಂದೀನಿ ಬೇರೆ, ಸದ್ದಾಗದಿರ್ಲಿ ಅಂತ. ಥೂ!”

ನಾಚಿಕೆ ಅವನಿಗೆ ಹೊಸದಲ್ಲ. ಮೇಜಿನಡಿ ಕೂತ ದಿನದ ನಾಚಿಕೆಯನ್ನು ಎರಡು ವರ್ಷದಿಂದ ನಾಲಗೆಯ ಮೇಲೆ ಇಟ್ಟುಕೊಂಡು ತಿರುಗಿದ್ದ. ಅದೆಲ್ಲ ಈಗ ಬರೀ ತೋರಿಕೆಯ ಸಿಂಗಾರದ ಹಾಗೆ ಕಂಡಿತು. ಹನ್ನೆರಡು ಜನ ಹೊರಗಿನವರು ತನ್ನನ್ನು ನೋಡಿ ಕನಿಕರಿಸಬಾರದೆಂದು ಅವನು ಈ ಇಬ್ಬರ ಬಾಯಿಗೆ ಬೀಗ ಹಾಕಿದ್ದ. ಅವರು ಅವನನ್ನು ಪ್ರೀತಿಸುತ್ತಿದ್ದುದರಿಂದ ಹಾಕಿಸಿಕೊಂಡಿದ್ದರು. ಕಂಬದ ಮೇಲಿರುವ ಮನುಷ್ಯ ಸುಡಬಾರದು ಅಂತ ಇರುವ ನಿಯಮ ಅದು. ಕೆಳಗಿರುವವರು ಸುಟ್ಟರೆ ಏನು ಮಾಡಬೇಕೆಂದು ಅವನು ಮನೆಯಲ್ಲಿ ಹೇಳಿಕೊಟ್ಟೇ ಇರಲಿಲ್ಲ.

“ಇನ್ನು ಮನೇಲಿ ಇಳಿಸಲ್ಲ” ಎಂದ.

“ಮತ್ತೆಲ್ಲಿ ಇಳಿಸ್ತೀರಿ?”

“ತಡೆಯೋದೇ ಇಲ್ಲ. ಎಲ್ಲಿ ಬಂದ್ರೆ ಅಲ್ಲಿ.”

ಮಂಗಳಾ ಈಗ ತಿರುಗಿ ಅವನನ್ನು ನೋಡಿದಳು. “ಆಫೀಸಲ್ಲಿ ಬಂದ್ರೆ?”



ಮಾರನೇ ದಿನ ಪಟ್ಟಿ ಇಲ್ಲದ ಕಿವಿಯಲ್ಲಿ ಆಫೀಸಿಗೆ ಹೋದ. ಬಸ್ಸಿನ ಬ್ರೇಕು, ಎಸಿಯ ಗುಂಯ್‌ಗುಡುವಿಕೆ, ಪಕ್ಕದವರ ಬೆರಳು ಮೇಜಿನ ಮೇಲೆ ಟಕಟಕ ಅನ್ನುವುದು ಎಲ್ಲವೂ ಎರಡು ವರ್ಷದ ಮೇಲೆ ಮತ್ತೆ ಮೈಗೆ ನೇರವಾಗಿ ತಾಕಿದವು. ಹಿಂದಿನ ದಿನದ ಗೆಲುವಿಗೆಂದು ರುದ್ರಮುನಿ ಎರಡು ಡಬ್ಬಿ ಮೈಸೂರುಪಾಕು ತರಿಸಿದ್ದರು. ಎಲ್ಲರೂ ಪಾಲಾಕ್ಷನ ಸುತ್ತ ನೆರೆದು ಕೈ ಕುಲುಕಿದರು. ತುಪ್ಪದ ವಾಸನೆ, ನಗು, ಬೆನ್ನ ಮೇಲೆ ಬಿದ್ದ ಏಟು. ಅಷ್ಟರಲ್ಲಿ ಯಾವುದೋ ಸಣ್ಣ ಅಲಾರಂ ಹೊಡೆಯತೊಡಗಿ ಯಾರೂ ಅದನ್ನು ನಿಲ್ಲಿಸಲಿಲ್ಲ. ನಾಲಗೆಯ ಬುಡದಲ್ಲಿ ಕಬ್ಬಿಣದ ರುಚಿ ಬಂತು. ಅದು ಬಂತೆಂದರೆ ಇನ್ನು ಹೆಚ್ಚು ಹೊತ್ತಿಲ್ಲ.

ಪಕ್ಕದ ಮೇಜಿನಲ್ಲಿದ್ದದ್ದು ನಾಗವೇಣಿ, ಮೂರು ವರ್ಷದ ಹಿಂದೆ ಸೇರಿದ ಎಂಜಿನಿಯರ್. ಪಾಲಾಕ್ಷ ಅವಳ ಕಡೆ ತಿರುಗಿದ.

“ಡೆಸ್ಕ್ ಒಂದು ಬಿಡ್ತಾ ಇದೀನಿ. ಮೂರು ನಲವತ್ತೆರಡು.”

“ಡೆಸ್ಕ್ ಒಂದು ತಗೊಂಡೆ ಸರ್. ಮೂರು ನಲವತ್ತೆರಡು.”

ಆ ಕೊಠಡಿಯ ಪದ್ಧತಿ ಅದು. ಡೆಸ್ಕ್ ಬಿಡುವವನು ಯಾಕೆಂದು ಹೇಳಬೇಕಿಲ್ಲ, ತೆಗೆದುಕೊಳ್ಳುವವರು ಕೇಳುವಂತಿಲ್ಲ. ಇಪ್ಪತ್ತೆರಡು ವರ್ಷದಿಂದ ಬಾತ್‌ರೂಮಿಗೆ, ಫೋನಿಗೆ, ತಲೆನೋವಿಗೆ ಅವನು ಡೆಸ್ಕ್ ಬಿಟ್ಟಿದ್ದ. ಟ್ರಿಪ್ಪಿಗಾಗಿ ಬಿಡಬಹುದೆಂದು ಅವನಿಗೆ ಒಂದು ದಿನವೂ ಹೊಳೆದಿರಲಿಲ್ಲ. ಕಡತಗಳ ಕೋಣೆಗೆ ಹೋಗಿಬಿಟ್ಟರೆ ಯಾರೂ ನೋಡಲಿಕ್ಕಿಲ್ಲ ಎಂದು ಬೇಗ ಬೇಗ ನಡೆದ. ಆರು ಹೆಜ್ಜೆ ಮಿಕ್ಕಿತ್ತು. ಗಾಜಿನ ಗೋಡೆಯ ಆಚೆ, ಎಲ್ಲರಿಗೂ ಕಾಣುವ ಕಾರಿಡಾರಿನಲ್ಲೇ ಮೊಣಕಾಲು ಕುಸಿಯಿತು.

ಮುಗಿದ ಮೇಲೆ ಗಡಿಯಾರ ನೋಡಿದ. ಒಂಬತ್ತು ನಿಮಿಷ. ತಡೆಯದೆ ಬಂದದ್ದು ಒಂಬತ್ತೇ ನಿಮಿಷ. ಹಾಗೆಂದು ನಾಚಿಕೆಯೇನೂ ಒಂಬತ್ತು ನಿಮಿಷದ್ದಾಗಿರಲಿಲ್ಲ. ಗಲ್ಲದ ಮೇಲೆ ಜೊಲ್ಲು, ಅಂಗಿಯ ಎರಡು ಗುಂಡಿ ನೆಲದ ಮೇಲೆ, ಗಾಜಿನಾಚೆ ಕೈಯಲ್ಲಿ ಮೈಸೂರುಪಾಕು ಹಿಡಿದು ನಿಂತ ಜನ. ಮೈಯೆಲ್ಲ ಹಿಡಿಯಾಗಿ ಹೋಯಿತು. ಗೋಡೆಗೆ ಬೆನ್ನು ಕೊಟ್ಟು ಕೂತ.

ರುದ್ರಮುನಿ ಬಂದರು. ನಿವೃತ್ತಿಗೆ ಹತ್ತಿರವಾದ ಮನುಷ್ಯ, ಮಂಡಿ ಲಟಕ್ ಅನ್ನಿಸಿಕೊಂಡು ಅವನ ಪಕ್ಕ ನೆಲದ ಮೇಲೇ ಕೂತರು. ಇಬ್ಬರೂ ಎದುರಿನ ಗೋಡೆ ನೋಡುತ್ತಿದ್ದರು.

“ವಾಸಿ ಆಗಿತ್ತಲ್ಲೋ ನಿನಗೆ?”

“ಇಲ್ಲ ಸರ್.”

“ಮತ್ತೆ ಎರಡು ವರ್ಷ ಎಲ್ಲೋಗಿತ್ತು ಇದು?”

“ಮನೆಗೆ ಹೋಗ್ತಿತ್ತು ಸರ್.” ತಡೆಪಟ್ಟಿಯ ವಿಷಯ ಹೇಳಿದ, ಬಿಲ್ಲೆಯ ವಿಷಯ ಹೇಳಿದ. “ನಿನ್ನೆ ಮಗಳ ಕೈ ಸುಟ್ಟೋಯ್ತು. ನನಗೆ ಕೇಳಿಸಬಾರ್ದು ಅಂತ ಅವಳು ಬಾಯಿ ಬಿಡಲಿಲ್ಲ.”

“ನಾವಿಲ್ಲಿ ಚಪ್ಪಾಳೆ ತಟ್ತಾ ಇದ್ವಿ” ಎಂದರು ರುದ್ರಮುನಿ. ಜೇಬಿನಿಂದ ಕರವಸ್ತ್ರ ತೆಗೆದು ಅವನ ಕಡೆ ನೋಡದೆಯೇ ಚಾಚಿದರು. “ವರದಿ ಬರೀಬೇಕಾಗ್ತೈತೆ ಪಾಲಾಕ್ಷ.”

“ಬರೀರಿ ಸರ್.”

“ಡೆಸ್ಕಿಂದ ಇಳಿಸ್ತಾರೆ. ಡಾಕ್ಟರ್ ಕಮಿಟಿ ನೋಡೋವರೆಗೂ ಯೋಜನಾ ವಿಭಾಗದಲ್ಲಿ ಕೂರಿಸ್ತಾರೆ. ಆಮೇಲೇನೋ, ನನಗೂ ಗೊತ್ತಿಲ್ಲ.”

“ಗೊತ್ತು ಸರ್.”

“ಡೆಸ್ಕ್ ಸರಿಯಾಗಿ ಬಿಟ್ಟು ಹೋದ, ಸಮಯ ಹೇಳಿ ಹೋದ ಅಂತ ಅದನ್ನೂ ಬರೀತೀನಿ.”

ಪಾಲಾಕ್ಷ ಮುಖ ಒರೆಸಿಕೊಂಡ. ಗುಂಡಿಗಳನ್ನು ಹೆಕ್ಕಿ ಜೇಬಿಗೆ ಹಾಕಿ, ಗಾಜಿನಾಚೆಯವರ ಮುಂದೆಯೇ ನಡೆದು ಹೋಗಿ ಬ್ಯಾಗು ತೆಗೆದುಕೊಂಡ. ಯಾರ ಮುಖವನ್ನೂ ನೋಡಲಾಗಲಿಲ್ಲ. ಬಸ್ಸಿನಲ್ಲಿ ಹಿಂದಿನ ಸೀಟು ಹಿಡಿದು ದಾರಿಯುದ್ದಕ್ಕೂ ಕಿಟಕಿಯ ಕಡೆ ತಿರುಗಿ ಕೂತ.

ಮನೆಗೆ ಬಂದಾಗ ಐದು ಗಂಟೆ. ಮಂಗಳಾ ಒಳಕೋಣೆಯಲ್ಲಿ ಹೊಲಿಗೆ ಯಂತ್ರದ ಮುಂದೆ. ಶಾಲೆಗೆ ಹೋಗದ ಇಂಚರಾ ಕಟ್ಟು ಕಟ್ಟಿದ ಕೈಯನ್ನು ದಿಂಬಿನ ಮೇಲಿಟ್ಟುಕೊಂಡು ನಡುಮನೆಯಲ್ಲಿ ಕೂತಿದ್ದಳು. ಅಪ್ಪನನ್ನು ಕಂಡದ್ದೇ ಎದ್ದಳು. ಬಲಗೈಯಿಂದ ಫ್ಯಾನಿನ ಸ್ವಿಚ್ಚು ಆರಿಸಿದಳು, ಏಕೆಂದರೆ ಅದು ಕಟಕಟ ಅನ್ನುತ್ತಿತ್ತು. “ಅಮ್ಮಾ, ಅಪ್ಪಾಜಿ ಬಂದ್ರು” ಎಂದು ಪಿಸುಗುಟ್ಟಿದಳು. ಒಳಗೆ ಯಂತ್ರ ನಿಂತಿತು.

ಪಾಲಾಕ್ಷ ಅವಳ ಪಕ್ಕ ನೆಲದ ಮೇಲೆ ಕೂತ.

“ಇವತ್ತು ಇಲ್ಲಮ್ಮ” ಎಂದ.

“ಯಾಕೆ?”

“ಆಫೀಸಲ್ಲೇ ಆಯ್ತು.”

ಇಂಚರಾ ಕಣ್ಣರಳಿಸಿದಳು. “ಎಲ್ರ ಮುಂದೇನಾ?”

“ಎಲ್ರ ಮುಂದೆ.”

“ನಾಚಿಕೆ ಆಯ್ತಾ ಅಪ್ಪಾಜಿ?”

“ತುಂಬಾ.”

“ಈಗ್ಲೂ ಆಗ್ತಾ ಐತಾ?”

“ಆಗ್ತಾ ಐತೆ. ಆದ್ರೆ ಅದಕ್ಕೆ ಅಷ್ಟೊಂದಿಲ್ಲ.” ಅವನು ಅವಳ ಕೈಕಟ್ಟಿನ ಕಡೆ ನೋಡಿದ. “ಇದಕ್ಕೆ.”

ಅವಳು ತನ್ನ ಕೈಯನ್ನು ಹೊಸದಾಗಿ ನೋಡುವವಳಂತೆ ನೋಡಿದಳು. ಸ್ವಲ್ಪ ಹೊತ್ತು ಏನೋ ಲೆಕ್ಕ ಹಾಕಿದಳು.

“ಹಂಗಾದ್ರೆ ಈಗ ಸದ್ದು ಮಾಡಬಹುದಾ?”

“ಮಾಡಬಹುದು.”

“ಎಷ್ಟು ಜೋರಾಗಿ?”

ಎಲ್ಲದಕ್ಕೂ ಒಂದು ಅಂಕಿ ಇಟ್ಟುಕೊಂಡಿದ್ದ ಮನುಷ್ಯನ ಬಳಿ ಇದಕ್ಕೆ ಅಂಕಿ ಇರಲಿಲ್ಲ. “ಎಷ್ಟು ಬೇಕೋ ಅಷ್ಟು” ಎಂದ.

“ನಿನ್ನೆ ತುಂಬಾ ಉರೀತು ಅಪ್ಪಾಜಿ” ಎಂದಳು. ಅಷ್ಟು ಹೇಳಿ, ಅವನ ಬೆರಳುಗಳನ್ನು ಬಲಗೈಯಲ್ಲಿ ಬಿಗಿಯಾಗಿ ಹಿಡಿದುಕೊಂಡು, ಬಾಯಿ ಪೂರ್ತಿ ತೆರೆದು ಅಳತೊಡಗಿದಳು. ಹನ್ನೊಂದು ವರ್ಷದ ಹುಡುಗಿಯ ಅಳುವಾಗಿರಲಿಲ್ಲ ಅದು, ಎಳೇ ಕೂಸಿನ ಅಳು. ಉಸಿರು ಕಟ್ಟಿ, ಮತ್ತೆ ಎಳೆದುಕೊಂಡು, ಮನೆಯ ಗೋಡೆಗಳಿಗೆ ಬಡಿದು ಬರುವಂಥ ಅಳು. ಪಾಲಾಕ್ಷನ ಕಿವಿಯೊಳಗೆ ಅದು ಸೂಜಿ ಹೊಕ್ಕ ಹಾಗೆ ಹೊಕ್ಕಿತು. ಒಂದು ಕಿವಿಯನ್ನು ಅಂಗೈಯಿಂದ ಒತ್ತಿ ಮುಚ್ಚಿಕೊಂಡ. ಇನ್ನೊಂದು ಕೈ ಮಗಳ ಹಿಡಿತದಲ್ಲಿತ್ತು, ಅದನ್ನು ಬಿಡಿಸಿಕೊಳ್ಳಲಿಲ್ಲ.

ಮಂಗಳಾ ಬಾಗಿಲಿಗೆ ಬಂದು ನಿಂತಳು. ಅಭ್ಯಾಸಬಲದಿಂದ ಅವಳ ಕೈ ಬಾಯಿಯ ಹತ್ತಿರ ಹೋಗಿತ್ತು. ಕಾಂಪೌಂಡಿನ ಆಚೆಯಿಂದ ಗಂಗಮ್ಮ ಗಾಬರಿಯಾಗಿ, “ಏನಾಯ್ತೇ ಮಂಗಳಾ? ಯಾಕಂಗೆ ಕಿರುಚ್ತೈತೆ ಕೂಸು?” ಎಂದು ಕೂಗಿದರು.

ಮಂಗಳಾ ಗಂಡನನ್ನು ನೋಡಿದಳು. ಅವನು ಒಂದು ಕಿವಿ ಮುಚ್ಚಿಕೊಂಡೇ, ಕೂಗು ಎಂಬಂತೆ ತಲೆಯಾಡಿಸಿದ. ಅವಳು ಕಿಟಕಿಯ ಕಡೆ ತಿರುಗಿ ಎದೆ ತುಂಬ ಉಸಿರೆಳೆದುಕೊಂಡಳು.

“ಏನಿಲ್ಲಮ್ಮೋ, ನನ್ನ ಮಗಳು ಅಳ್ತಾವಳೆ!” ಎಂದು ಬೀದಿಗೆಲ್ಲ ಕೇಳುವ ಹಾಗೆ ಕೂಗಿ ಹೇಳಿದಳು.